ಪ್ರಮಾಣವಿದ್ಯೆ: ವಿಧಿವಿಜ್ಞಾನದ ವ್ಯಾಸಂಗವನ್ನು ಕುರಿತು

ಕನ್ನಡದಲ್ಲಿ ‘ಪ್ರಮಾಣ’ ಎಂಬ ಶಬ್ದವು ಮೂರು ಅರ್ಥಗಳಲ್ಲಿ ರೂಢವಾಗಿದೆ. ದೇವರ ಸನ್ನಿಧಿಯಲ್ಲಿ ಕರ್ಪೂರ ಬೆಳಗಿ ಇಡುವ ಆಣೆ ಒಂದು ಪ್ರಮಾಣ. ತರ್ಕಶಾಸ್ತ್ರವು ಯಥಾರ್ಥಜ್ಞಾನಕ್ಕೆ ಸಾಧನವೆಂದು ಹೇಳುವ ಪ್ರತ್ಯಕ್ಷ, ಅನುಮಾನ ಮೊದಲಾದವು ಎರಡನೆಯ ಬಗೆಯ ಪ್ರಮಾಣ. ಸೇರು, ಪಾವು, ತೊಲೆಗಳ ಅಳತೆ-ತೂಕ ಮೂರನೆಯದು. ಜನಸಾಮಾನ್ಯರು ಮೊದಲನೆಯದನ್ನು ನಂಬಿದರು. ಪಂಡಿತರು ಎರಡನೆಯದನ್ನು ಚರ್ಚಿಸಿದರು. ವರ್ತಕರು ಮೂರನೆಯದನ್ನು ಬಳಸಿದರು. ಈ ಮೂರೂ ಒಂದೆಡೆ ಕೂಡುವ ವಿದ್ಯೆಯೊಂದು ಈಗ ವಿಶ್ವವಿದ್ಯಾನಿಲಯಗಳಲ್ಲಿ ಬೋಧಿಸಲ್ಪಡುತ್ತಿದೆ. ಅದಕ್ಕೆ ವಿಧಿವಿಜ್ಞಾನವೆಂದು ಹೆಸರು. ಇಲ್ಲಿ ವಿಧಿ ಎಂದರೆ ಹಣೆಬರಹವಲ್ಲ, ಕಾನೂನು. ಅಪರಾಧ ನಡೆದ ಎಡೆಯಲ್ಲಿ ಉಳಿದ ವಸ್ತುಗಳನ್ನು ಅಳೆದು, ತೂಗಿ, ಪರೀಕ್ಷಿಸಿ, ಅವುಗಳಿಂದ ತರ್ಕಬದ್ಧವಾಗಿ ಊಹಿಸಬಹುದಾದುದನ್ನು ಮಾತ್ರ ಊಹಿಸಿ, ನ್ಯಾಯಾಲಯದ ಕಟಕಟೆಯಲ್ಲಿ ಪ್ರಮಾಣ ಸ್ವೀಕರಿಸಿ ನುಡಿಯುವುದೇ ಈ ವಿದ್ಯೆಯ ಸ್ವರೂಪ.

ಹನೂರು ಸೀಮೆಯ ಮನೆಗಳಲ್ಲಿ ಪಿ.ಯು.ಸಿ. ಫಲಿತಾಂಶ ಬಂದ ದಿನ ಕೇಳಿಬರುವ ಹೆಸರುಗಳು ಎರಡೇ: ವೈದ್ಯಕೀಯ, ಎಂಜಿನಿಯರಿಂಗ್. ಅವೆರಡೂ ಕೈಗೂಡದಿದ್ದಲ್ಲಿ ಮಿಕ್ಕದ್ದೆಲ್ಲ ‘ಏನೋ ಒಂದು ಡಿಗ್ರಿ’ ಎನಿಸಿಕೊಳ್ಳುತ್ತದೆ. ಆ ‘ಏನೋ ಒಂದು’ ಎಂಬುದರಲ್ಲಿ ವಿಧಿವಿಜ್ಞಾನವನ್ನು ಸೇರಿಸುವುದು ಯಾವ ಸೀಮೆಯಲ್ಲಿ ತಪ್ಪಾಗದಿದ್ದರೂ ಈ ಸೀಮೆಯಲ್ಲಿ ತಪ್ಪು. ಏಕೆಂದರೆ ಈ ವಿದ್ಯೆ ಇಲ್ಲಿಯ ಜನರ ಅನ್ನದ ತಟ್ಟೆಯವರೆಗೆ ಬಂದು ನಿಂತಿದೆ.

2018ನೆಯ ಇಸವಿ ಡಿಸೆಂಬರ್ 14ನೆಯ ದಿನ. ಹನೂರು ತಾಲ್ಲೂಕಿನ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಾಲಯದಲ್ಲಿ ಗೋಪುರ ನಿರ್ಮಾಣಕ್ಕೆ ಶಂಕುಸ್ಥಾಪನೆ. ಬಂದ ಭಕ್ತರಿಗೆ ಪ್ರಸಾದವೆಂದು ಅನ್ನವನ್ನು ಬಡಿಸಲಾಯಿತು. ಕೂಲಿನಾಲಿ ಮಾಡಿ ಬದುಕುವವರು, ಮಾಲೆ ಧರಿಸಿದ ಯಾತ್ರಾರ್ಥಿಗಳು, ಮಕ್ಕಳು, ಮುದುಕರು ಕಣ್ಣಿಗೊತ್ತಿಕೊಂಡು ಉಂಡರು. ಅಲ್ಪಕಾಲದಲ್ಲಿಯೇ ವಾಂತಿ, ಉಸಿರಾಟದ ತೊಂದರೆ, ಬಾಯಲ್ಲಿ ನೊರೆ. ಚೆಲ್ಲಿದ ಅನ್ನವನ್ನು ತಿಂದ ಕಾಗೆಗಳೂ ಸತ್ತು ಬಿದ್ದವು. ಕಾಮಗೆರೆ, ಕೊಳ್ಳೇಗಾಲ, ಮೈಸೂರುಗಳ ಆಸ್ಪತ್ರೆಗಳಿಗೆ ರೋಗಿಗಳನ್ನು ಸಾಗಿಸಲಾಯಿತು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. 17 ಮಂದಿ ಅಸುನೀಗಿದರು. ಅಷ್ಟಾವರಣಗಳಲ್ಲಿ ಒಂದೆಂದು ಶರಣಧರ್ಮವು ಎತ್ತಿಹಿಡಿದ ‘ಪ್ರಸಾದ’ವೆಂಬ ಮಾತನ್ನು ಕೇಳಿ ಒಂದು ಸೀಮೆಯ ಜನ ಬೆಚ್ಚುವಂತಾದದ್ದು ಆ ದಿನದ ಇನ್ನೊಂದು ಸಾವು.

ಇಂತಹ ಸಂದರ್ಭದಲ್ಲಿ ಅನ್ನ ಹಳಸಿತ್ತೇ, ಪಾತ್ರೆಯ ಕಿಲುಬು ಇಳಿದಿತ್ತೇ, ಹಲ್ಲಿ ಬಿದ್ದಿತ್ತೇ, ದೇವಿಯ ಮುನಿಸೇ ಎಂದು ನೂರು ಬಾಯಿ ನೂರು ಮಾತಾಡುವುದು ಸಹಜ. ಆದರೆ ವೈದ್ಯರು ರೋಗಿಯ ಕಣ್ಣಿನ ಪಾಪೆಯನ್ನು ನೋಡುತ್ತಾರೆ. ಪಾಪೆ ಸೂಜಿಮೊನೆಯಷ್ಟಾಗಿ ಕುಗ್ಗಿದ್ದು, ಜೊಲ್ಲು, ಬೆವರು, ಕಣ್ಣೀರುಗಳು ಒಟ್ಟಿಗೆ ಹರಿಯುತ್ತಿದ್ದರೆ ಅದು ರಂಜಕಯುಕ್ತ ಕೀಟನಾಶಕದ ಲಕ್ಷಣ. ನರವು ಸ್ನಾಯುವಿಗೆ ಆಜ್ಞೆ ಕೊಟ್ಟ ಬಳಿಕ ಆ ಆಜ್ಞೆಯನ್ನು ಅಳಿಸಿಹಾಕುವ ಕಿಣ್ವವೊಂದು ಶರೀರದಲ್ಲಿದೆ. ಈ ವಿಷವು ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಜ್ಞೆ ನಿಲ್ಲದೆ ಹರಿಯುತ್ತದೆ. ಗ್ರಂಥಿಗಳು ಸುರಿಯುತ್ತಲೇ ಇರುತ್ತವೆ. ಕಡೆಗೆ ಉಸಿರಿನ ಸ್ನಾಯುಗಳು ಸೋಲುತ್ತವೆ. ಇದಕ್ಕೆ ಅಟ್ರೊಪಿನ್, ಪ್ರಾಲಿಡಾಕ್ಸೈಮ್ ಎಂಬ ಪ್ರತ್ಯೌಷಧಗಳುಂಟು. ವೈದ್ಯನ ಕೆಲಸ ಜೀವವನ್ನುಳಿಸುವುದು. ಅವನು ಲಕ್ಷಣದಿಂದ ವಿಷದ ಕುಲವನ್ನು ಊಹಿಸಿದರೆ ಸಾಕು. ನ್ಯಾಯಕ್ಕೆ ಕುಲ ಸಾಲದು, ವ್ಯಕ್ತಿ ಬೇಕು. ಅನ್ನದಲ್ಲಿ ಬೆರೆತದ್ದು ಮಾನೊಕ್ರೊಟೊಫಾಸ್ ಎಂಬ ಕೀಟನಾಶಕವೆಂದು ಹೆಸರಿಟ್ಟು ಹೇಳಿದ್ದು ವಿಧಿವಿಜ್ಞಾನದ ಪ್ರಯೋಗಾಲಯ.

ಆ ಹೆಸರು ದೊರೆತದ್ದರಿಂದ ಆದ ಪ್ರಯೋಜನವೇನೆಂದು ಕೇಳಬಹುದು. ಹೆಸರಿಲ್ಲದೆ ತನಿಖೆಗೆ ದಾರಿಯಿಲ್ಲ. ಹಳಸಿದ ಅನ್ನವಾಗಿದ್ದರೆ ಅದು ಅಡುಗೆಯವರ ಅಜಾಗ್ರತೆ. ಹೊಲಕ್ಕೆ ಹೊಡೆಯುವ ಔಷಧವಾಗಿದ್ದರೆ ಅದು ಎಲ್ಲಿಯೋ ಕೊಂಡದ್ದು, ಯಾರೋ ತಂದದ್ದು, ಯಾರೋ ಸುರಿದದ್ದು. ಅಡುಗೆ ಮಾಡಿದ ಬಡವನ ತಲೆಯ ಮೇಲೆ ಬೀಳಬಹುದಾಗಿದ್ದ ದೋಷವು ಯಾರ ಕಡೆಗೆ ತಿರುಗಬೇಕೋ ಆ ಕಡೆಗೆ ತಿರುಗಲು ಈ ಹೆಸರೇ ಮೊದಲ ಮೆಟ್ಟಿಲು. ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ 2013ರ ಜುಲೈ 16ರಂದು ಮಧ್ಯಾಹ್ನದ ಊಟ ಉಂಡು 23 ಮಕ್ಕಳು ಸತ್ತಾಗಲೂ ಪ್ರಯೋಗಾಲಯವು ಕಂಡುಹಿಡಿದದ್ದು ಇದೇ ವಿಷವನ್ನು. 2005ರಲ್ಲಿಯೇ ತರಕಾರಿ ಬೆಳೆಗೆ ಬಳಸಬಾರದೆಂದು ನಿಷೇಧಕ್ಕೊಳಗಾದ ದ್ರವ್ಯವಿದು. ಎರಡು ದೂರದ ಊರುಗಳ ದುಃಖವನ್ನು ಒಂದು ರಾಸಾಯನಿಕದ ಹೆಸರು ಜೋಡಿಸಿತು. ಆ ಜೋಡಣೆಯಿಂದಲೇ ಇಂತಹ ವಸ್ತು ಅಂಗಡಿಯಲ್ಲಿ ಸುಲಭವಾಗಿ ಸಿಗಬೇಕೇ ಎಂಬ ಪ್ರಶ್ನೆ ಹುಟ್ಟುತ್ತದೆ.

ಪ್ರಯೋಗಾಲಯದ ಈ ಒಂದು ಮಾತಿನ ಹಿಂದಿರುವ ಶ್ರಮವನ್ನು ವಿದ್ಯಾರ್ಥಿಯು ತಿಳಿಯಬೇಕು. ಘಟನಾಸ್ಥಳದಲ್ಲಿ ಪಂಚರ ಸಮಕ್ಷಮ ಮಹಜರು ನಡೆಯುತ್ತದೆ. ಉಳಿದ ಅನ್ನ, ನೀರು, ಪಾತ್ರೆಯ ಅಂಟು, ವಾಂತಿಯ ಅಂಶ ಎಲ್ಲವನ್ನೂ ಬೇರೆ ಬೇರೆ ತುಂಬಬೇಕು. ಶವಪರೀಕ್ಷೆ ಮಾಡಿದ ವೈದ್ಯರು ಜಠರ, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನು ಸಾಂದ್ರವಾದ ಉಪ್ಪಿನ ದ್ರಾವಣದಲ್ಲಿರಿಸಿ ಕಳುಹಿಸುತ್ತಾರೆ. ಜೊತೆಗೆ ಆ ಉಪ್ಪಿನ ದ್ರಾವಣದ್ದೇ ಒಂದು ಮಾದರಿಯೂ ಹೋಗಬೇಕು. ವಿಷವು ದ್ರಾವಣದಿಂದಲೇ ಬಂದಿರಬಹುದೆಂಬ ವಾದಕ್ಕೆ ಅದು ಮುಂಚಿತವಾದ ಉತ್ತರ. ಪ್ರತಿ ಬಾಟಲಿಗೂ ಅರಗಿನ ಮೊಹರು, ಪ್ರತಿ ಕೈಬದಲಿಗೂ ಸಹಿ ಮತ್ತು ವೇಳೆ. ನಡುವೆ ಒಂದು ಸಹಿ ಇಲ್ಲದಿದ್ದರೆ ಅತ್ಯಂತ ಬೆಲೆಬಾಳುವ ಯಂತ್ರವು ಕೊಟ್ಟ ಉತ್ತರವೂ ನ್ಯಾಯಾಲಯದಲ್ಲಿ ನಿಲ್ಲದೆ ಹೋಗಬಹುದು. ಆ ಬಳಿಕ ಪ್ರಯೋಗಾಲಯದಲ್ಲಿ ದ್ರಾವಕದಿಂದ ವಿಷಾಂಶವನ್ನು ಬೇರ್ಪಡಿಸಿ, ತೆಳುಪದರದ ಮೇಲೆ ಹರಿಸಿ, ಶುದ್ಧ ಮಾದರಿಯೊಡನೆ ಹೋಲಿಸಿ, ಯಂತ್ರದಲ್ಲಿ ಅದರ ಅಣುಗಳ ರಾಶಿಯನ್ನು ಅಳೆದು ನಿಶ್ಚಯಿಸುತ್ತಾರೆ. ಎಷ್ಟಿತ್ತೆಂಬುದೂ ಮುಖ್ಯ. ಹೊಲದಿಂದ ಬಂದ ಕಾಯಿಪಲ್ಯಕ್ಕೆ ಅಂಟಿದ ಲೇಶಕ್ಕೂ ಬಾಟಲಿಯಿಂದ ಸುರಿದ ವಿಷಕ್ಕೂ ವ್ಯತ್ಯಾಸವನ್ನು ಹೇಳುವುದು ಪ್ರಮಾಣ ಶಬ್ದದ ಆ ಮೂರನೆಯ ಅರ್ಥವೇ ಆಗಿದೆ.

ಇದೆಲ್ಲವೂ ಪರದೇಶದಿಂದ ಬಂದ ಹೊಸ ವಿದ್ಯೆಯೆಂದು ಭಾವಿಸುವವರು ಮೈಸೂರಿನ ಕಡೆಗೊಮ್ಮೆ ನೋಡಬೇಕು. ಅಲ್ಲಿಯ ಓರಿಯಂಟಲ್ ಲೈಬ್ರರಿಯ ಓಲೆಗರಿಗಳಲ್ಲಿ ವಿದ್ವಾನ್ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅದರ ನಾಲ್ಕನೆಯ ಅಧಿಕರಣದಲ್ಲಿ ಹಠಾತ್ತಾಗಿ ಸತ್ತವರ ದೇಹವನ್ನು ಪರೀಕ್ಷಿಸುವ ಕ್ರಮಕ್ಕಾಗಿಯೇ ಒಂದು ಅಧ್ಯಾಯ ಮೀಸಲು. ನೇಣಿನಿಂದ ಸತ್ತವನ, ನೀರಿನಲ್ಲಿ ಮುಳುಗಿದವನ, ವಿಷ ಉಂಡವನ ಚಿಹ್ನೆಗಳನ್ನು ಅಲ್ಲಿ ಬೇರೆ ಬೇರೆಯಾಗಿ ಹೇಳಿದೆ. ವಿಷದಿಂದ ಸತ್ತವನು ಉಂಡು ಉಳಿಸಿದ ಆಹಾರವನ್ನು ಪರೀಕ್ಷಿಸುವ ಬಗೆಯನ್ನು ಹೇಳುವಲ್ಲಿ ಒಂದು ಸ್ವಾರಸ್ಯವಾದ ಪಾಠಭೇದವಿದೆ. ಒಂದು ಪಾಠದಂತೆ ‘ಪಯಸ್’, ಅಂದರೆ ಹಾಲಿನಲ್ಲಿ ಪರೀಕ್ಷಿಸಬೇಕು; ಇನ್ನೊಂದರಂತೆ ‘ವಯಸ್’, ಅಂದರೆ ಹಕ್ಕಿಗಳಿಗೆ ತಿನ್ನಿಸಿ ಪರೀಕ್ಷಿಸಬೇಕು. ಪಕಾರಕ್ಕೂ ವಕಾರಕ್ಕೂ ಕನ್ನಡದ ಬರಹದಲ್ಲಿ ಸಣ್ಣದೊಂದು ಗೆರೆಯ ಅಂತರ. ಆ ಗೆರೆಯ ಮೇಲೆ ಒಂದು ಪರೀಕ್ಷಾವಿಧಾನವೇ ನಿಂತಿದೆ. ಸುಳ್ವಾಡಿಯ ಅಂಗಳದಲ್ಲಿ ಬಿದ್ದ ಕಾಗೆಗಳನ್ನು ನೆನೆದವರಿಗೆ ಎರಡನೆಯ ಪಾಠವೇ ಸರಿಯೆಂದು ತೋರುವುದು ಸ್ವಾಭಾವಿಕ. ಆದರೆ ತೋರಿದ ಮಾತ್ರಕ್ಕೆ ಪಾಠ ನಿರ್ಣಯವಾಗದು. ಪ್ರತಿಗಳನ್ನು ಹೋಲಿಸಿ ನೋಡಬೇಕು. ಗ್ರಂಥಸಂಪಾದಕನಿಗೂ ವಿಧಿವಿಜ್ಞಾನಿಗೂ ಧರ್ಮ ಒಂದೇ: ಮನಸ್ಸು ಬಯಸಿದ್ದನ್ನು ಓದಬಾರದು, ಗರಿಯಲ್ಲಿ ಇರುವುದನ್ನು ಓದಬೇಕು.

ಕನ್ನಡವೂ ಈ ವಿಷಯದಲ್ಲಿ ಬಡವಾಗಿರಲಿಲ್ಲ. 14ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ವಿಷವೈದ್ಯಕ್ಕೆಂದೇ ಕನ್ನಡ ಪದ್ಯಗಳಲ್ಲಿ ರಚಿಸಿ, ಸ್ಥಾವರವಿಷ ಜಂಗಮವಿಷಗಳನ್ನೂ ಚಿಕಿತ್ಸೆಗಳನ್ನೂ ವಿವರಿಸಿದನು. ಶಾಸನಶಾಸ್ತ್ರಜ್ಞರು ಕೂಟಶಾಸನಗಳನ್ನು, ಎಂದರೆ ಹಿಂದಿನ ಅರಸನ ಹೆಸರಿನಲ್ಲಿ ಮುಂದೆ ಯಾರೋ ಕೊರೆಯಿಸಿದ ಸುಳ್ಳು ತಾಮ್ರಪಟಗಳನ್ನು, ಲಿಪಿಯ ಮಾಟ, ತಿಥಿವಾರಗಳ ಹೊಂದಿಕೆ, ಭಾಷೆಯ ರೂಪಗಳಿಂದ ಬಯಲಿಗೆಳೆದರು. ಗಂಗರ ಹೆಸರಿನ ಅನೇಕ ತಾಮ್ರಪಟಗಳನ್ನು ಫ್ಲೀಟ್ ಮಹಾಶಯನು ಕೂಟವೆಂದು ಸಾರಿದಾಗ ಎದ್ದ ವಿದ್ವದ್ವಿವಾದವು ಪ್ರಸಿದ್ಧವೇ ಆಗಿದೆ. ಇಂದು ಸುಳ್ಳು ಕ್ರಯಪತ್ರವನ್ನೂ, ತಿದ್ದಿದ ಉಯಿಲನ್ನೂ, ಹೆಬ್ಬೆಟ್ಟಿನ ಮೋಸವನ್ನೂ ಪತ್ತೆ ಮಾಡುವ ದಸ್ತಾವೇಜು ಪರೀಕ್ಷಕನು ಆ ಶಾಸನಪಂಡಿತನ ಸೋದರನೇ.

ಆಧುನಿಕ ಕಾಲದಲ್ಲಿಯೂ ಭಾರತವು ಹಿಂದೆ ಬಿದ್ದಿರಲಿಲ್ಲ. 1849ರಲ್ಲಿಯೇ ಮದರಾಸಿನಲ್ಲಿ ವಿಷಪರೀಕ್ಷೆಗೆಂದು ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ಸ್ಥಾಪಿತವಾಯಿತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಾರ್ಯಾಲಯವು ಪ್ರಪಂಚದಲ್ಲಿಯೇ ಮೊದಲನೆಯದಾಗಿ ತೆರೆಯಿತು. ಅಲ್ಲಿ ಬೆರಳಚ್ಚುಗಳನ್ನು ವರ್ಗೀಕರಿಸುವ ಕ್ರಮವನ್ನು ರೂಪಿಸುವುದರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ದುಡಿದರು. ಆದರೆ ಆ ಕ್ರಮವು ಲೋಕದಲ್ಲಿ ನಡೆದದ್ದು ಅವರ ಮೇಲಧಿಕಾರಿ ಹೆನ್ರಿಯ ಹೆಸರಿನಲ್ಲಿ. 1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಡಿ.ಎನ್.ಎ. ಗುರುತಿನ ವಿಧಾನವನ್ನು ಕಂಡುಹಿಡಿದ ಬಳಿಕ, ಹೈದರಾಬಾದಿನಲ್ಲಿ ಲಾಲ್‌ಜಿ ಸಿಂಗ್ ಅದನ್ನು ಈ ದೇಶದಲ್ಲಿ ನೆಲೆಗೊಳಿಸಿದರು. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದಾಗ, ಚೆದುರಿದ ಚೂರುಗಳನ್ನು ಒಂದುಗೂಡಿಸಿ ಬಾಂಬನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದ ಬಗೆಯನ್ನು ನಿರೂಪಿಸಿದವರು ತಮಿಳುನಾಡಿನ ವಿಧಿವಿಜ್ಞಾನಿ ಪಿ. ಚಂದ್ರಶೇಖರನ್.

ಇನ್ನು ಈ ಸೀಮೆಯ ಮತ್ತೊಂದು ಗಾಯ. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ವೀರಪ್ಪನ್ ಹೂತಿಟ್ಟ ಸಿಡಿಮದ್ದು ಸ್ಫೋಟಿಸಿ 22 ಮಂದಿ ಸತ್ತರು. ಸತ್ತವರ ಶೋಕ ಎಷ್ಟು ನಿಜವೋ ಅದರ ಬಳಿಕ ಬೆಟ್ಟದ ಹಳ್ಳಿಗಳಲ್ಲಿ ನಡೆದದ್ದೂ ಅಷ್ಟೇ ನಿಜ. ಅನೇಕರು ಟಾಡಾ ಕಾಯಿದೆಯಂತೆ ಬಂಧಿತರಾಗಿ ವರ್ಷಗಟ್ಟಲೆ ಸೆರೆಮನೆಯಲ್ಲಿದ್ದರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ತೀರ್ಪಿತ್ತಾಗ ಆರೋಪಿಗಳಲ್ಲಿ ಬಹುಮಂದಿ ಬಿಡುಗಡೆಯಾದರು. ಕಾರ್ಯಾಚರಣೆಯ ಹೆಸರಿನಲ್ಲಿ ಹಳ್ಳಿಗರು ಅನುಭವಿಸಿದ ಚಿತ್ರಹಿಂಸೆಯ ದೂರುಗಳನ್ನು ನ್ಯಾಯಮೂರ್ತಿ ಎ. ಜೆ. ಸದಾಶಿವರ ಸಮಿತಿ ವಿಚಾರಿಸಿತು; ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ರಲ್ಲಿ 89 ಮಂದಿಗೆ ಪರಿಹಾರ ಕೊಡಬೇಕೆಂದು ಹೇಳಿತು. ವಸ್ತುಸಾಕ್ಷ್ಯ ದುರ್ಬಲವಾದ ಕಡೆ ಬಾಯಿಯಿಂದ ಸಾಕ್ಷ್ಯವನ್ನು ಹಿಂಡುವ ಆಸೆ ಹುಟ್ಟುತ್ತದೆ. ನೋವು ತಾಳಲಾರದವನು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾನೆ. ಆದುದರಿಂದ ವಿಧಿವಿಜ್ಞಾನವು ಅಪರಾಧಿಯನ್ನು ಹಿಡಿಯುವ ವಿದ್ಯೆ ಎಂದಷ್ಟೇ ಹೇಳುವುದು ಅರ್ಧಸತ್ಯ. ನಿರಪರಾಧಿಯನ್ನು ಬಿಡಿಸುವ ವಿದ್ಯೆಯೂ ಇದೇ. ಬಡವನಿಗೆ ದೊಡ್ಡ ವಕೀಲರು ಸಿಗದಿರಬಹುದು. ಸರಿಯಾಗಿ ತೆಗೆದ ಒಂದು ಬೆರಳಚ್ಚು ಅವನ ಪರವಾಗಿ ಸಂಬಳವಿಲ್ಲದೆ ವಾದಿಸುತ್ತದೆ.

ವಿಜ್ಞಾನದ ಹೆಸರಿನಲ್ಲಿಯೂ ಬಾಯಿ ಬಿಡಿಸುವ ಯತ್ನ ನಡೆಯದಿರಲಿಲ್ಲ. ಮದ್ದು ಚುಚ್ಚಿ ಮಂಪರಿನಲ್ಲಿ ಮಾತಾಡಿಸುವ ಪರೀಕ್ಷೆಗಳು ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಬಹಳ ನಡೆದವು. ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ಅದನ್ನು ಕೊಂಡಾಡಿದವು. 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಯಾರ ಮೇಲೂ ಇಂತಹ ಪರೀಕ್ಷೆಯನ್ನು ಹೇರಲಾಗದೆಂದು ತೀರ್ಪಿತ್ತಿತು. ಈ ವಿದ್ಯೆಯನ್ನು ಕಲಿಯುವವನಿಗೆ ಆ ತೀರ್ಪು ಪಾಠವಾಗಬೇಕು. ಯಂತ್ರವಿದ್ದ ಮಾತ್ರಕ್ಕೆ ಅದು ವಿಜ್ಞಾನವಲ್ಲ. ವಿಜ್ಞಾನವಾದ ಮಾತ್ರಕ್ಕೆ ಅದು ನ್ಯಾಯವೂ ಅಲ್ಲ.

ಕಾಡಿಗೂ ಈ ವಿದ್ಯೆ ಬೇಕಾಗಿದೆ. 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೊಂದೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ವಿಷ ಬೆರೆಸಿದ ಹಸುವಿನ ಕಳೇಬರವನ್ನು ತಿಂದು ಅವು ಸತ್ತದ್ದು ಬೆಳಕಿಗೆ ಬಂತು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ನೆಲದಲ್ಲಿ ಹುಲಿಯ ಸಂಸಾರವೇ ಅಳಿಯಿತು. ಹಸುವನ್ನು ಕಳೆದುಕೊಂಡವನ ಹೊಟ್ಟೆಯ ಕಿಚ್ಚು ಅರ್ಥವಾಗುವಂಥದ್ದೇ. ಆದರೂ ವಿಷಕ್ಕೆ ಹುಲಿ, ಕಾಗೆ, ಮನುಷ್ಯ ಎಂಬ ಭೇದವಿಲ್ಲವೆಂಬುದನ್ನು ಈ ತಾಲ್ಲೂಕು ಏಳು ವರ್ಷಗಳೊಳಗೆ ಎರಡು ಸಲ ಕಲಿಯಿತು.

ಈಗ ವ್ಯಾಸಂಗದ ಮಾತು. ಈ ದೇಶದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನಕ್ಕೆ ವಿಶ್ವವಿದ್ಯಾನಿಲಯದ ವಿಭಾಗವು ಮೊದಲು ಆರಂಭವಾದದ್ದು 1959ರಲ್ಲಿ, ಮಧ್ಯಪ್ರದೇಶದ ಸಾಗರದಲ್ಲಿ. ಕರ್ನಾಟಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಈ ವಿಷಯದ ಹಳೆಯ ನೆಲೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೂ ಅಪರಾಧಶಾಸ್ತ್ರದೊಡನೆ ಇದನ್ನು ಬೋಧಿಸಿದ್ದಾರೆ. ಗುಜರಾತಿನ ಗಾಂಧಿನಗರದಲ್ಲಿ ಕೇಂದ್ರವುಳ್ಳ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವು 2020ರ ಅಧಿನಿಯಮದಿಂದ ರೂಪುಗೊಂಡಿತು. ಅದರ ಧಾರವಾಡದ ಆವರಣಕ್ಕೆ 2023ರ ಜನವರಿ 28ರಂದು ಶಂಕುಸ್ಥಾಪನೆಯಾಯಿತು. ರಾಜ್ಯದ ಪ್ರಧಾನ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ಪ್ರಾದೇಶಿಕ ಪ್ರಯೋಗಾಲಯಗಳಲ್ಲಿ ಒಂದು ಮೈಸೂರಿನಲ್ಲಿಯೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕೂ ಮಿಗಿಲಾದ ಶಿಕ್ಷೆಗೆ ಗುರಿಯಾಗುವ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಘಟನಾಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂದು ವಿಧಿಸಿ, ಅದಕ್ಕೆ ಸಿದ್ಧರಾಗಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿತ್ತಿದೆ. ಹಳ್ಳಿಹಳ್ಳಿಗೂ ಬರಬೇಕಾದ ಆ ತಜ್ಞರು ಆಕಾಶದಿಂದ ಇಳಿಯುವುದಿಲ್ಲ. ಯಾವುದೋ ಶಾಲೆಯ ಬೆಂಚಿನಿಂದಲೇ ಏಳಬೇಕು.

ಹಾಗೆಂದು ಜಾಹೀರಾತು ನೋಡಿ ಧಾವಿಸಬೇಕೆಂದಲ್ಲ. ದೂರದರ್ಶನದ ಧಾರಾವಾಹಿಗಳಲ್ಲಿ ಒಂದು ಕೂದಲಿನ ಎಳೆಯಿಂದ ಅರ್ಧ ಗಂಟೆಯೊಳಗೆ ಕೊಲೆಗಾರ ಸಿಕ್ಕಿಬೀಳುತ್ತಾನೆ. ನಿಜವಾದ ಪ್ರಯೋಗಾಲಯದಲ್ಲಿ ಬಾಟಲಿಗಳು ಸಾಲುಗಟ್ಟಿ ಕಾಯುತ್ತವೆ; ಒಂದೇ ಬಗೆಯ ಪರೀಕ್ಷೆಯನ್ನು ವರ್ಷಗಟ್ಟಲೆ ಬೇಸರವಿಲ್ಲದೆ ಮಾಡಬೇಕು; ವರದಿ ಬರೆದು ಬಹುಕಾಲವಾದ ಮೇಲೆ ಕಟಕಟೆಯಲ್ಲಿ ನಿಂತು ಪಾಟೀಸವಾಲಿಗೆ ಉತ್ತರಿಸಬೇಕು. ಹುದ್ದೆಗಳು ಸರ್ಕಾರದ ನೇಮಕಾತಿಯನ್ನು ಅವಲಂಬಿಸಿವೆ. ಹೆಸರಿಗೆ ಮಾತ್ರ ಈ ವಿಷಯವನ್ನಿಟ್ಟುಕೊಂಡು, ಪ್ರಯೋಗಶಾಲೆಯೇ ಇಲ್ಲದೆ ದೊಡ್ಡ ಶುಲ್ಕ ಕೀಳುವ ಕಡೆ ಜಮೀನು ಒತ್ತೆಯಿಟ್ಟು ಮಕ್ಕಳನ್ನು ಸೇರಿಸುವುದು ಅವಿವೇಕ. ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಗಟ್ಟಿಯಾದ ಬಿ.ಎಸ್‌ಸಿ. ಮಾಡಿಕೊಂಡು ಸ್ನಾತಕೋತ್ತರ ಮಟ್ಟದಲ್ಲಿ ಈ ವಿದ್ಯೆಗೆ ತಿರುಗುವುದು ಕ್ಷೇಮ. ಬೇರು ಭದ್ರವಾಗಿದ್ದರೆ ಈ ಕೊಂಬೆ ಸಿಗದಿದ್ದರೂ ಇನ್ನೊಂದು ಕೊಂಬೆ ಸಿಗುತ್ತದೆ.

ಪೋಷಕರ ಇನ್ನೊಂದು ಅಳುಕು: ಇದು ಹೆಣದ ಕೆಲಸ, ಹೆಣ್ಣುಮಕ್ಕಳಿಗೆ ಹೇಳಿಸಿದ್ದಲ್ಲ. ಶವಪರೀಕ್ಷೆ ವೈದ್ಯರ ಕಾರ್ಯ. ವಿಧಿವಿಜ್ಞಾನಿಯು ಹೆಚ್ಚಾಗಿ ಕೆಲಸ ಮಾಡುವುದು ಗಾಜಿನ ನಳಿಕೆ, ಸೂಕ್ಷ್ಮದರ್ಶಕ, ಗಣಕಯಂತ್ರಗಳೊಡನೆ. ಅದು ಹಾಗಿರಲಿ. ಸಾವಿನ ಮೈಲಿಗೆಯ ಮಾತನ್ನು ಶರಣರ ಮಕ್ಕಳು ಆಡುವುದು ಆಶ್ಚರ್ಯ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದ ಪರಂಪರೆ ಇದು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಜಯಂತಿಯ ದಿನ ಭಾಷಣ ಮಾಡಿ, ಮರುದಿನ ಮಗಳು ಹೇಳಿದ ವಿಷಯಕ್ಕೆ ಮೂಗು ಮುರಿಯುವುದು ಯಾವ ನ್ಯಾಯ? ಅತ್ಯಾಚಾರದ, ವರದಕ್ಷಿಣೆ ಸಾವಿನ ಪ್ರಕರಣಗಳಲ್ಲಿ ಸಾಕ್ಷ್ಯ ಸಂಗ್ರಹಿಸುವ ಕೈ ಹೆಣ್ಣಿನದಾದರೆ ನೊಂದ ಹೆಣ್ಣಿಗೆ ಅದೇ ಅರ್ಧ ಆಸರೆ.

ಶಾಲೆಯ ಪಾಲೇನು? ಪ್ರೌಢಶಾಲೆಯಲ್ಲಿ ವಿಧಿವಿಜ್ಞಾನವನ್ನು ಬೋಧಿಸಬೇಕಾಗಿಲ್ಲ. ಅದಕ್ಕೆ ಬೇಕಾದ ಶೀಲವನ್ನು ಬೋಧಿಸಿದರೆ ಸಾಕು. ಅದು ಆರಂಭವಾಗುವುದು ವಿಜ್ಞಾನದ ಪ್ರಯೋಗಪುಸ್ತಕದಿಂದ. ಲವಣದ ಪರೀಕ್ಷೆಯಲ್ಲಿ ಬಂದ ಬಣ್ಣವನ್ನು ಬರೆಯದೆ ಪಕ್ಕದವನ ಪುಸ್ತಕದಲ್ಲಿದ್ದ ಉತ್ತರವನ್ನು ಇಳಿಸಿಕೊಳ್ಳುವುದು ಎಲ್ಲ ಶಾಲೆಗಳಲ್ಲಿಯೂ ಕಂಡುಬರುವ ರೂಢಿ. ಅಂಕಗಳಿಗಾಗಿ ಉಪಾಧ್ಯಾಯರೂ ಕಣ್ಣುಮುಚ್ಚುವುದುಂಟು. ಕಾಣದ ಬಣ್ಣವನ್ನು ಕಂಡೆನೆಂದು ಹದಿನಾಲ್ಕನೆಯ ವಯಸ್ಸಿನಲ್ಲಿ ಬರೆದವನು ನಲವತ್ತನೆಯ ವಯಸ್ಸಿನಲ್ಲಿ ಮತ್ತೊಬ್ಬನ ಕೊರಳಿಗೆ ಸಂಬಂಧಿಸಿದ ವರದಿಯಲ್ಲಿಯೂ ಹಾಗೆಯೇ ಬರೆದಾನು. ಬಂದದ್ದನ್ನು ಬಂದಂತೆ ಬರೆದು ಐದು ಅಂಕ ಕಳೆದುಕೊಂಡ ಹುಡುಗನ ಬೆನ್ನು ತಟ್ಟುವ ಉಪಾಧ್ಯಾಯನೇ ಈ ವಿದ್ಯೆಯ ಮೊದಲ ಗುರು.

ಎರಡನೆಯದು ಭಾಷೆ. ಪ್ರಯೋಗಾಲಯದ ವರದಿಯಲ್ಲಿ ‘ವಿಷಾಂಶ ಪತ್ತೆಯಾಗಲಿಲ್ಲ’ ಎಂಬುದಕ್ಕೂ ‘ವಿಷಾಂಶ ಇರಲಿಲ್ಲ’ ಎಂಬುದಕ್ಕೂ ಅಜಗಜಾಂತರ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಅನುಪಲಬ್ಧಿಯು ಯಾವ ಸ್ಥಿತಿಯಲ್ಲಿ ಅಭಾವವನ್ನು ಸಿದ್ಧಪಡಿಸೀತು
ಎಂಬುದನ್ನು ಮೀಮಾಂಸಕರು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಹೊಂದುತ್ತದೆ, ಹೊಂದಬಹುದು, ಹೊಂದುವುದಿಲ್ಲ, ಹೇಳಲಾಗದು ಎಂಬ ನಾಲ್ಕು ಕ್ರಿಯಾಪದಗಳ ನಡುವೆ ಒಬ್ಬ ಮನುಷ್ಯನ ಬಿಡುಗಡೆಯೂ ಬಂಧನವೂ ತೂಗಾಡುತ್ತವೆ. ವ್ಯಾಕರಣದ ತರಗತಿಯಲ್ಲಿ ನಿಶ್ಚಯಾರ್ಥ, ಸಂಭಾವನಾರ್ಥಗಳನ್ನು ಕಲಿಯುವಾಗ ಆಕಳಿಸುವ ವಿದ್ಯಾರ್ಥಿಗೆ ಇದನ್ನು ಹೇಳಬೇಕು. ಇಂಗ್ಲಿಷಿನಲ್ಲಿ ಬರೆದ ವರದಿಯನ್ನು ಸುಳ್ವಾಡಿಯ ಒಬ್ಬ ತಾಯಿ ಕೈಯಲ್ಲಿ ಹಿಡಿದರೆ ಆಕೆಗೆ ತನ್ನ ಮಗು ಏತರಿಂದ ಸತ್ತಿತೆಂಬುದು ತಿಳಿಯದು. ಮಂಗರಾಜನ ಕಾಲದಲ್ಲಿ ವಿಷವನ್ನು ಕುರಿತು ಕನ್ನಡದಲ್ಲಿ ಗ್ರಂಥವೇ ಸಾಧ್ಯವಾಗಿದ್ದರೆ ಈ ಕಾಲದಲ್ಲಿ ಎರಡು ಪುಟದ ವರದಿ ಅಸಾಧ್ಯವೇ? ಇಂಗ್ಲಿಷನ್ನು ಚೆನ್ನಾಗಿ ಕಲಿತು, ಕನ್ನಡದಲ್ಲಿ ಅಷ್ಟೇ ನಿಖರವಾಗಿ ಹೇಳಬಲ್ಲ ವಿಧಿವಿಜ್ಞಾನಿಗಳು ಇಂತಹ ಶಾಲೆಗಳಿಂದಲೇ ಬರಬೇಕಾಗಿದೆ.

ಕೊನೆಯದಾಗಿ, ಮಠವೊಂದರ ಸ್ಮರಣಸಂಚಿಕೆಯಲ್ಲಿ ಹೇಳದೆ ಬಿಡಲಾಗದ ಮಾತೊಂದಿದೆ. ಸುಳ್ವಾಡಿಯ ಪ್ರಕರಣದಲ್ಲಿ ಆರೋಪಕ್ಕೊಳಗಾಗಿ ಬಂಧಿತರಾದವರಲ್ಲಿ ಧಾರ್ಮಿಕ ಸ್ಥಾನದಲ್ಲಿದ್ದವರೂ ಒಬ್ಬರಿದ್ದರು. ಯಾರು ತಪ್ಪಿತಸ್ಥರೆಂದು ಹೇಳುವ ಅಧಿಕಾರ ನ್ಯಾಯಾಲಯದ್ದೇ ಹೊರತು ಲೇಖನಗಳದ್ದಲ್ಲ. ಆದರೆ ಆಗ ‘ಕಾವಿಯ ಗೌರವಕ್ಕಾಗಿ ಈ ವಿಷಯ ಬೇಡ’ ಎಂಬ ಪಿಸುಮಾತೂ, ‘ಕಾವಿಯೆಂದರೇ ಹೀಗೆ’ ಎಂಬ ಕೂಗೂ ಇದ್ದೇ ಇದ್ದುವು. ಎರಡೂ ಒಂದೇ ಬಗೆಯ ಕುರುಡು. ಸಾಕ್ಷ್ಯಕ್ಕೆ ಕಾವಿಯಿಲ್ಲ, ಖಾದಿಯಿಲ್ಲ, ಖಾಕಿಯೂ ಇಲ್ಲ. ಬಾಟಲಿಯ ಮೇಲೆ ಬರೆದಿರುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯ ಹಿಂದೆ ಬಡವನಿದ್ದಾನೋ ಬಲ್ಲಿದನಿದ್ದಾನೋ, ಭಕ್ತನಿದ್ದಾನೋ ಗುರುವಿದ್ದಾನೋ ಎಂದು ಕೇಳದೆ ಪರೀಕ್ಷಿಸುವ ಸಮದೃಷ್ಟಿ ಆ ಪ್ರಯೋಗಾಲಯದಲ್ಲಿದೆ. ನಡೆಯೂ ನುಡಿಯೂ ಒಂದಾಗಬೇಕೆಂದು ಬೋಧಿಸುವ ಮಠಕ್ಕೆ ಆ ಸಮದೃಷ್ಟಿಯಿಂದ ಭಯವಿಲ್ಲ, ಇರಲೂಬಾರದು. ತನ್ನ ಅಂಗಳದ ಮಕ್ಕಳನ್ನು ಆ ವಿದ್ಯೆಗೆ ಕಳುಹಿಸಿಕೊಡುವುದೇ ಆ ನಿರ್ಭಯತೆಗೆ ಪ್ರಮಾಣ.

ಈ ಶಾಲೆಯಲ್ಲಿ ಓದಿದ ಒಬ್ಬ ಬಾಲಕಿಯೋ ಬಾಲಕನೋ ಮುಂದೊಂದು ದಿನ ಮೈಸೂರಿನ ಪ್ರಯೋಗಾಲಯದಲ್ಲಿ ಅರಗಿನ ಮೊಹರನ್ನು ಒಡೆದು, ಕಂಡದ್ದನ್ನು ಕಂಡಷ್ಟೇ ಬರೆದು, ಸಹಿ ಹಾಕಲಿ. ಆ ಸಹಿಯ ಬಲದಿಂದ ಪ್ರಸಾದವೆಂಬ ಮಾತಿಗೆ ಈ ಸೀಮೆಯಲ್ಲಿ ಅದರ ಹಿಂದಿನ ಸವಿ ಮರಳಿ ಬರಲಿ.